ಪದಕ್ಕೂ ಒಬ್ಬ ಗೆಳೆಯ ಬೇಕು

ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಬರುವ ಒಂದು ಅಂಕದ ಪ್ರಶ್ನೆ ನಿಮಗೆ ನೆನಪಿರಬಹುದು. ‘ಎ’ ಪಟ್ಟಿಯಲ್ಲಿ ಒಂದು ಪದ, ‘ಬಿ’ ಪಟ್ಟಿಯಲ್ಲಿ ಕೆಲವು ಪದಗಳು. ಹೊಂದುವ ಜೋಡಿಯನ್ನು ಆರಿಸಿ ಬರೆಯಬೇಕು. ಅದಕ್ಕೆ ‘ಕೊಲೊಕೇಟಿವ್ ವರ್ಡ್’ ಎಂದು ಹೆಸರು. ಒಂದೇ ಅಂಕ ತಾನೇ ಎಂದು ಅದನ್ನು ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತಾಗ ಅದರ ಬೆಲೆ ತಿಳಿಯುತ್ತದೆ. ಎಸ್‌ಎಸ್‌ಸಿ ಸಿಜಿಎಲ್ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, 50 ಅಂಕ. ಅಲ್ಲಿ ಬರುವ ‘ಕ್ಲೋಜ್ ಟೆಸ್ಟ್’, ಅಂದರೆ ಬಿಟ್ಟ ಸ್ಥಳ ತುಂಬುವ ಪ್ರಶ್ನೆ, ಹಲವು ಸಲ ಕೇಳುವುದು ಇದನ್ನೇ: ಈ ಪದದ ಪಕ್ಕ ಯಾವ ಪದ ಕೂಡುತ್ತದೆ?

ನನ್ನೂರು ಇಂಡಿ ತಾಲ್ಲೂಕಿನ ಹೊರ್ತಿ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಊರು. ನಮ್ಮ ಕಡೆ ಕನ್ನಡ, ಮರಾಠಿ, ಹಿಂದಿ ಎಲ್ಲವೂ ಕಿವಿಗೆ ಬೀಳುತ್ತವೆ. ಇಂಗ್ಲಿಷ್ ಮಾತ್ರ ಪುಸ್ತಕ ಬಿಟ್ಟು ಹೊರಗೆ ಬರುವುದಿಲ್ಲ. ಹಾಗಾಗಿ ನಮ್ಮ ಹುಡುಗರು ಇಂಗ್ಲಿಷ್ ಕಲಿಯುವುದೆಂದರೆ ಪದಗಳ ಪಟ್ಟಿ ಬಾಯಿಪಾಠ ಮಾಡುವುದು. ದಿನಕ್ಕೆ ಇಪ್ಪತ್ತು ಪದ, ಎದುರಿಗೆ ಕನ್ನಡ ಅರ್ಥ. ವರ್ಷದ ಕೊನೆಗೆ ಸಾವಿರಾರು ಪದ ತಲೆಯಲ್ಲಿರುತ್ತವೆ. ಸಂದರ್ಶನದಲ್ಲಿ ಕುರ್ಚಿಯ ಮೇಲೆ ಕೂತರೆ ಎರಡು ವಾಕ್ಯ ಹೊರಡುವುದಿಲ್ಲ.

ಸಂಜೆ ಹೊತ್ತು ಓಣಿಯ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಪಿಯುಸಿ ಓದುವ ಹುಡುಗನೊಬ್ಬ ಒಮ್ಮೆ ಕೇಳಿದ: “ಅಣ್ಣಾ, ‘ಭಾಳ’ ಅನ್ನಾಕ ‘ವೆರಿ’ ಐತಲ್ಲ? ಮತ್ತ ಈ ಹೈಲಿ, ಡೀಪ್ಲಿ, ಸ್ಟ್ರಾಂಗ್ಲಿ ಎಲ್ಲಾ ಯಾಕ ಬೇಕು?”

“ಅಂಗಿ ಭಾಳ ಹೊಸಾದಿದ್ರ ಏನಂತಿ ತಮ್ಮಾ?” ಎಂದೆ.

“ಹೊಚ್ಚ ಹೊಸಾದು.”

“ಹೊಲ ಭಾಳ ಹಸಿರಿದ್ರ?”

“ಹಚ್ಚ ಹಸಿರು.”

“ಹಂಗಾರ ಹಚ್ಚ ಹೊಸಾದು, ಹೊಚ್ಚ ಹಸಿರು ಅಂತ ಯಾಕ ಅನ್ನೂದಿಲ್ಲ?”

ಅವನು ನಕ್ಕುಬಿಟ್ಟ. “ಹಂಗ ಯಾರ ಅಂತಾರಣ್ಣಾ!”

ಅವನ ಪ್ರಶ್ನೆಗೆ ಅವನದೇ ಉತ್ತರ ಸಿಕ್ಕಿತ್ತು. ಹಾಗೆ ಯಾರೂ ಅನ್ನುವುದಿಲ್ಲ, ಅಷ್ಟೆ. ಕಡುಬಡವ ಎನ್ನುತ್ತೇವೆ, ಕಡುಶ್ರೀಮಂತ ಎನ್ನುವುದಿಲ್ಲ. ಅವನು ಆಗರ್ಭ ಶ್ರೀಮಂತ. ಬಿಸಿಲಾದರೆ ರಣಬಿಸಿಲು, ಚಳಿಯಾದರೆ ಕೊರೆಯುವ ಚಳಿ, ಮಳೆಯಾದರೆ ಜಡಿಮಳೆ, ನಿದ್ದೆಯಾದರೆ ಗಾಢ ನಿದ್ದೆ. ಈ ಜೋಡಿಗಳನ್ನು ಯಾವ ಮೇಷ್ಟ್ರೂ ನಮಗೆ ಪಟ್ಟಿ ಮಾಡಿ ಕೊಟ್ಟಿಲ್ಲ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಜೋಡಿಯಾಗಿಯೇ ಕೇಳಿದ್ದೇವೆ, ಜೋಡಿಯಾಗಿಯೇ ಉಳಿದಿವೆ.

ಇಂಗ್ಲಿಷಿನಲ್ಲೂ ನಡೆಯುವುದು ಇದೇ. ಹೊಚ್ಚ ಹೊಸದು ಅಲ್ಲಿ ‘ಬ್ರ್ಯಾಂಡ್ ನ್ಯೂ’. ಗಾಢ ನಿದ್ದೆಯಲ್ಲಿರುವವನು ‘ಫಾಸ್ಟ್ ಅಸ್ಲೀಪ್’. ಇಲ್ಲಿ ‘ಫಾಸ್ಟ್’ ಎಂದರೆ ವೇಗವಲ್ಲ, ಗಟ್ಟಿ ಎಂಬ ಹಳೆಯ ಅರ್ಥ. ನಮ್ಮ ಚಳಿ ಕೊರೆಯುತ್ತದೆ, ಅವರ ಚಳಿ ಕಹಿ: ‘ಬಿಟರ್ಲಿ ಕೋಲ್ಡ್’.

ಜೆ. ಆರ್. ಫರ್ತ್ ಎಂಬ ಬ್ರಿಟಿಷ್ ಭಾಷಾವಿಜ್ಞಾನಿ ಇದಕ್ಕೆ ಒತ್ತು ಕೊಟ್ಟವರಲ್ಲಿ ಪ್ರಮುಖರು. 1920ರ ದಶಕದಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು ಅವರು. ಪದವನ್ನು ಅದರ ಸಂಗಡಿಗರಿಂದ ಗುರುತಿಸಬೇಕು ಎಂಬುದು 1957ರಲ್ಲಿ ಅವರು ಬರೆದ ಮಾತಿನ ಸಾರ. ಅದಕ್ಕೂ ಮೊದಲು, 1933ರಲ್ಲಿ, ಹೆರಾಲ್ಡ್ ಪಾಮರ್ ಜಪಾನಿನ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸುವ ಕೆಲಸದಲ್ಲಿದ್ದಾಗ ಇಂಥ ಜೋಡಿಗಳ ಬಗ್ಗೆಯೇ ಒಂದು ವರದಿ ಪ್ರಕಟಿಸಿದ್ದರು. ಅಂದರೆ ಈ ಕಷ್ಟ ಹೊರ್ತಿಯ ಹುಡುಗರದ್ದು ಮಾತ್ರವಲ್ಲ, ಟೋಕಿಯೊದವರದ್ದೂ ಹೌದು.

‘ಭಾಳ’ಕ್ಕೆ ಹಲವು ವೇಷ

ಭಾವನೆಯ ಮಾತು ಬಂದಾಗ ಇಂಗ್ಲಿಷ್ ಹೆಚ್ಚಾಗಿ ಆಳಕ್ಕೆ ಇಳಿಯುತ್ತದೆ: ‘ಡೀಪ್ಲಿ ಹರ್ಟ್’, ‘ಡೀಪ್ಲಿ ಗ್ರೇಟ್‌ಫುಲ್’. ಅರ್ಹತೆ, ಸಾಧ್ಯತೆಯ ಮಾತಾದರೆ ಎತ್ತರಕ್ಕೆ ಏರುತ್ತದೆ: ‘ಹೈಲಿ ಕ್ವಾಲಿಫೈಡ್’, ‘ಹೈಲಿ ಅನ್‌ಲೈಕ್ಲಿ’. ಹೆಸರು, ಬಳಕೆಯ ಮಾತಾದರೆ ಅಗಲವಾಗುತ್ತದೆ: ‘ವೈಡ್ಲಿ ನೋನ್’, ‘ವೈಡ್ಲಿ ಯೂಸ್ಡ್’. ಅಭಿಪ್ರಾಯವಾದರೆ ಬಲ ಬೇಕು: ‘ಸ್ಟ್ರಾಂಗ್ಲಿ ಬಿಲೀವ್’, ‘ಸ್ಟ್ರಾಂಗ್ಲಿ ಅಪೋಸ್’. ತೀರಾ ಅಗತ್ಯ ಎನ್ನಲು ‘ಬ್ಯಾಡ್ಲಿ ನೀಡ್’. ಅಲ್ಲಿ ಕೆಟ್ಟದ್ದೇನೂ ಇಲ್ಲ.

‘ಆಗು’ವಿಗೆ ಆರು ಬಾಗಿಲು

ಕನ್ನಡದಲ್ಲಿ ‘ಆಗು’ ಒಂದಿದ್ದರೆ ಬಹಳಷ್ಟು ಕೆಲಸ ಮುಗಿಯುತ್ತದೆ: ಕೆಂಪಾಯಿತು, ಮುದುಕನಾದ, ನಿಜವಾಯಿತು, ಕುರುಡಾದ. ಇಂಗ್ಲಿಷ್ ಇದನ್ನು ಬೇರೆ ಬೇರೆ ಕ್ರಿಯಾಪದಗಳಿಗೆ ಹಂಚಿದೆ. ಬಣ್ಣ ಬದಲಾದರೆ ‘ಟರ್ನ್ ರೆಡ್’. ನಿಧಾನದ ಬದಲಾವಣೆಯಾದರೆ ‘ಗ್ರೋ ಓಲ್ಡ್’. ಒಂದು ಸ್ಥಿತಿಗೆ ಜಾರಿದರೆ ‘ಫಾಲ್ ಅಸ್ಲೀಪ್’, ‘ಫಾಲ್ ಸೈಲೆಂಟ್’. ಇದ್ದದ್ದು ಮುಗಿಯುತ್ತ ಬಂದರೆ ‘ರನ್ ಲೋ’, ‘ರನ್ ಡ್ರೈ’. ಕೆಡುವುದಕ್ಕೆ ಹೆಚ್ಚಾಗಿ ‘ಗೋ’: ‘ಗೋ ಬ್ಯಾಡ್’, ‘ಗೋ ಬ್ಲೈಂಡ್’, ‘ಗೋ ರಾಂಗ್’. ಒಳ್ಳೆಯದಾಗುವುದಕ್ಕೆ ‘ಕಮ್’: ‘ಕಮ್ ಟ್ರೂ’, ‘ಕಮ್ ಅಲೈವ್’.

ಕೊನೆಯ ಎರಡನ್ನು ಮತ್ತೊಮ್ಮೆ ನೋಡಿ. ನಾವೂ ಹಾಲು ‘ಕೆಟ್ಟುಹೋಯಿತು’, ಗಡಿಗೆ ‘ಒಡೆದುಹೋಯಿತು’ ಎನ್ನುತ್ತೇವೆ. ಕಾಲ ‘ಕೂಡಿಬಂತು’, ಚಿತ್ರ ಚೆನ್ನಾಗಿ ‘ಮೂಡಿಬಂತು’ ಎನ್ನುತ್ತೇವೆ. ಕೆಟ್ಟದ್ದು ಹೋಗುತ್ತದೆ, ಒಳ್ಳೆಯದು ಬರುತ್ತದೆ. ಸಾವಿರಾರು ಮೈಲಿ ದೂರದ ಎರಡು ಭಾಷೆಗಳು ಇಲ್ಲಿ ಒಂದೇ ರೀತಿ ಯೋಚಿಸಿವೆ. ಇದನ್ನು ತೋರಿಸಿದ ದಿನ ನಮ್ಮ ಹುಡುಗರು ‘ಗೋ ಬ್ಯಾಡ್’ ಬಾಯಿಪಾಠ ಮಾಡಲಿಲ್ಲ. ಅದು ಹಾಗೇ ತಲೆಯಲ್ಲಿ ಕೂತಿತು.

ಕಲಿಯುವುದು ಹೇಗೆ?

ಮೊದಲು ನೋಟ್‌ಬುಕ್ಕಿನ ರೂಪ ಬದಲಿಸಿ. ‘ಅವೇರ್ ಎಂದರೆ ಅರಿವುಳ್ಳ’ ಎಂದು ಬರೆಯುವ ಬದಲು ‘ಫುಲ್ಲಿ ಅವೇರ್’ ಎಂದು ಜೋಡಿಯನ್ನೇ ಬರೆಯಿರಿ. ದಿನಕ್ಕೆ ಇಪ್ಪತ್ತು ಪದ ಬೇಡ, ಐದು ಜೋಡಿ ಸಾಕು. ಪುಸ್ತಕ ಬೇಕೆನ್ನುವವರಿಗೆ ಆಕ್ಸ್‌ಫರ್ಡ್‌ನವರು 2002ರಲ್ಲಿ ಮೊದಲು ತಂದ ಕೊಲೊಕೇಷನ್ಸ್ ನಿಘಂಟು ಇದೆ. ಅದಿಲ್ಲದಿದ್ದರೂ ನಡೆಯುತ್ತದೆ. ಕ್ರಿಕೆಟ್ ಕಾಮೆಂಟರಿ ಕೇಳುವಾಗ ಕಿವಿ ತೆರೆದಿಡಿ. ‘ಕ್ಲೀನ್ ಬೌಲ್ಡ್’ ಎಂಬ ಜೋಡಿ ನಮ್ಮೂರಿನ ಸಣ್ಣ ಹುಡುಗನಿಗೂ ಗೊತ್ತು. ಅದನ್ನು ಅವನಿಗೆ ಯಾರೂ ಕಲಿಸಿಲ್ಲ. ‘ನ್ಯಾರೋಲಿ ಮಿಸ್ಡ್’, ‘ಈಸಿಲಿ ವನ್’ ಕೂಡ ಅಲ್ಲೇ ಸಿಗುತ್ತವೆ.

ಆಮೇಲೆ ಆ ಜೋಡಿಗಳನ್ನು ನಿಮ್ಮೂರಿನ ಮೇಲೆ ಪ್ರಯೋಗಿಸಿ. ನಾವು ಮಾಡುವುದು ಹೀಗೆ. ಇಂಡಿಯ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ಹಾಗಾಗಿ ಅದು ‘ವೈಡ್ಲಿ ನೋನ್’. ಗಿಡದಿಂದ ಈಗಷ್ಟೇ ಬಿಡಿಸಿ ತಂದದ್ದು ‘ಫ್ರೆಶ್ಲಿ ಪಿಕ್ಡ್’. ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ‘ರನ್ ಡ್ರೈ’. ಆಗ ನಾವು ನೀರನ್ನು ‘ಬ್ಯಾಡ್ಲಿ ನೀಡ್’. ಏತ ನೀರಾವರಿ ಯೋಜನೆ ‘ಈಗರ್ಲಿ ಅವೇಟೆಡ್’. ಹೊಲಕ್ಕೆ ನೀರು ಹರಿದರೆ ಕನಸು ‘ಕಮ್ಸ್ ಟ್ರೂ’. ಆರು ಜೋಡಿಯಲ್ಲಿ ಊರಿನ ಕಥೆಯೇ ಬಂತು.

ಸಂದರ್ಶನದಲ್ಲಿ ನಿಮ್ಮ ಬಗ್ಗೆ, ನಿಮ್ಮೂರಿನ ಬಗ್ಗೆ ಹೇಳಿ ಎಂದು ಕೇಳುವುದು ಸಾಮಾನ್ಯ. ಪುಸ್ತಕದಿಂದ ಬಾಯಿಪಾಠ ಮಾಡಿದ ಉತ್ತರ ಅರ್ಧಕ್ಕೆ ನಿಂತರೆ ಮುಂದೆ ದಾರಿ ಇಲ್ಲ. ಬೋರ್‌ವೆಲ್ ಬತ್ತಿದ್ದನ್ನು ಕಣ್ಣಾರೆ ಕಂಡವನಿಗೆ ‘ರ‍್ಯಾನ್ ಡ್ರೈ’ ಎನ್ನುವುದು ಮರೆಯುವ ಪ್ರಶ್ನೆಯೇ ಇಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದ್ದೇ ತಮ್ಮ ಕೊರತೆ ಎಂದು ಕುಗ್ಗುವ ಗೆಳೆಯರನ್ನು ದಿನವೂ ನೋಡುತ್ತೇನೆ. ಅವರಿಗೆ ಹೇಳುವುದಿಷ್ಟು: ಯಾವ ಪದದ ಪಕ್ಕ ಯಾವುದು ಒಪ್ಪುತ್ತದೆ ಎಂದು ತಿಳಿಯುವ ಕಿವಿ ನಿಮಗೆ ಆಗಲೇ ಇದೆ, ಅದನ್ನು ಕೊಟ್ಟದ್ದು ಕನ್ನಡ. ಇವತ್ತು ರಾತ್ರಿ ಮಲಗುವ ಮುನ್ನ ನಿಮ್ಮೂರಿನ ಬಗ್ಗೆ ಐದು ಜೋಡಿ ಬರೆದು, ಒಮ್ಮೆ ಗಟ್ಟಿಯಾಗಿ ಓದಿ.