ಹನುಮಾನ್ ಘಾಟ್‌ಗೆ ಚಾಲಕನಿಲ್ಲದ ಕಾರು ಬಂದೀತೆ?



ದೆಹಲಿ ಮೆಟ್ರೋದ ಮೆಜೆಂಟಾ ಮಾರ್ಗದಲ್ಲಿ ದಿನವೂ ಓಡಾಡುವವರು ನಿಮ್ಮಲ್ಲಿ ಅನೇಕರಿದ್ದೀರಿ. ದೇಶದ ಮೊದಲ ಚಾಲಕರಹಿತ ಮೆಟ್ರೋ ಸಂಚಾರ ಆರಂಭವಾದದ್ದು ಅದೇ ಮಾರ್ಗದಲ್ಲಿ, 2020ರ ಡಿಸೆಂಬರ್ 28ರಂದು. ರೈಲು ತಾನೇ ಓಡುವುದಾದರೆ ಕಾರು ಯಾಕೆ ಓಡಬಾರದು? ಈ ಪ್ರಶ್ನೆಯನ್ನು ನಮಗೆಲ್ಲ ಗೊತ್ತಿರುವ ಒಂದು ಜಾಗಕ್ಕೆ ಒಯ್ದು ನೋಡೋಣ. ಅದೇ ಕಾಶಿಯ ಹನುಮಾನ್ ಘಾಟ್.

ಊರಿನಿಂದ ಹಿರಿಯರು ಬಂದರೆ ಅವರನ್ನು ಕಾಶಿಗೆ ಕರೆದೊಯ್ಯುವ ಸರದಿ ದೆಹಲಿಯ ಕನ್ನಡಿಗರದ್ದೇ ತಾನೆ? ಹನುಮಾನ್ ಘಾಟ್ ಸುತ್ತಮುತ್ತ ದಕ್ಷಿಣದವರ ಮನೆ, ಮಠಗಳು ಬಹುಕಾಲದಿಂದ ಇವೆ. ಪಕ್ಕದಲ್ಲೇ ಮೈಸೂರು ಸಂಸ್ಥಾನದ ನೆನಪಿನ ಕರ್ನಾಟಕ ಘಾಟ್, ಅದರಾಚೆಗೆ ಹರಿಶ್ಚಂದ್ರ ಘಾಟ್‌ನ ಸ್ಮಶಾನ. ಸೋನಾರ್‌ಪುರ–ಶಿವಾಲ ರಸ್ತೆಯವರೆಗೆ ಆಟೋ ಬರುತ್ತದೆ. ಅಲ್ಲಿಂದ ಗಲ್ಲಿಯಲ್ಲಿ ನಡಿಗೆ, ಆಮೇಲೆ ಮೆಟ್ಟಿಲು.

ಮೊದಲು ರೈಲಿನ ಗುಟ್ಟು ತಿಳಿಯೋಣ. ಮೆಟ್ರೋಗೆ ಅದರದೇ ಹಳಿ, ಅದರದೇ ದಾರಿ. ನಡುವೆ ಯಾರೂ ನುಗ್ಗುವುದಿಲ್ಲ. ಮುಂದಿನ ರೈಲು ಎಲ್ಲಿದೆ, ಎಷ್ಟು ವೇಗದಲ್ಲಿ ಹೋಗಬಹುದು ಎಂಬುದನ್ನು ರೇಡಿಯೋ ಸಂಕೇತಗಳ ಮೂಲಕ ಕಂಪ್ಯೂಟರ್ ತಿಳಿಸುತ್ತಿರುತ್ತದೆ. ಅಂದರೆ ರೈಲಿಗೆ ಯಾರ ಮನಸ್ಸನ್ನೂ ಊಹಿಸುವ ಕಷ್ಟವಿಲ್ಲ.

ಕಾರಿನ ಪಾಡು ಹಾಗಲ್ಲ. ಅದಕ್ಕೆ ಮೂರು ಬಗೆಯ ಕಣ್ಣು ಬೇಕು. ಕ್ಯಾಮೆರಾ ಬಣ್ಣ, ಆಕಾರ ಗುರುತಿಸುತ್ತದೆ. ರೇಡಾರ್ ರೇಡಿಯೋ ಅಲೆ ಕಳಿಸಿ ಎದುರಿನ ವಸ್ತುವಿನ ದೂರ, ವೇಗ ಅಳೆಯುತ್ತದೆ. ಲೈಡಾರ್ ಲೇಸರ್ ಕಿರಣ ಬೀರಿ ಸುತ್ತಲಿನ ಚಿತ್ರವನ್ನು ಉಬ್ಬುತಗ್ಗು ಸಮೇತ ಕಟ್ಟುತ್ತದೆ. ಇವೆಲ್ಲವನ್ನೂ ನಕ್ಷೆಯ ಜೊತೆ ಹೋಲಿಸಿ ಕಂಪ್ಯೂಟರ್ ತೀರ್ಮಾನ ಮಾಡುತ್ತದೆ. ಇಂಥ ವಾಹನಗಳಿಗೆ ಸೊನ್ನೆಯಿಂದ ಐದರವರೆಗೆ ಹಂತಗಳಿವೆ. ಸೊನ್ನೆ ಎಂದರೆ ಎಲ್ಲವೂ ಚಾಲಕನ ಕೈಯಲ್ಲಿ. ಐದು ಎಂದರೆ ಎಲ್ಲಿ ಬೇಕಾದರೂ ತಾನೇ ಓಡುವ ವಾಹನ. ಅಮೆರಿಕದ ಫೀನಿಕ್ಸ್‌ನಲ್ಲಿ 2020ರಿಂದ ಚಾಲಕನಿಲ್ಲದ ಟ್ಯಾಕ್ಸಿ ಸಾರ್ವಜನಿಕರಿಗೆ ಸಿಗುತ್ತಿದೆಯಾದರೂ ಅದು ನಾಲ್ಕನೇ ಹಂತದ್ದು, ಗೊತ್ತುಮಾಡಿದ ಪ್ರದೇಶದೊಳಗೆ ಮಾತ್ರ.

ಈಗ ಹನುಮಾನ್ ಘಾಟ್‌ನ ಗಲ್ಲಿಯನ್ನು ನೆನೆಸಿಕೊಳ್ಳಿ. ಎದುರಿಗೆ ಗೂಳಿ, ಹಿಂದೆ ಬೈಕ್, ಪಕ್ಕದಲ್ಲಿ ಹೂವಿನ ಬುಟ್ಟಿ. ಅಷ್ಟರಲ್ಲಿ ಹರಿಶ್ಚಂದ್ರ ಘಾಟ್ ಕಡೆಗೆ ಶವಯಾತ್ರೆ ಬರುತ್ತದೆ. ನೀವೇನು ಮಾಡುತ್ತೀರಿ? ಯಾರದೋ ಮನೆಯ ಜಗಲಿ ಹತ್ತಿ ದಾರಿ ಬಿಡುತ್ತೀರಿ. ಇದನ್ನು ಯಾವ ನಿಯಮಪುಸ್ತಕವೂ ನಮಗೆ ಕಲಿಸಿಲ್ಲ. ಯಂತ್ರ ಅಂತರ ಕಾಯ್ದುಕೊಂಡು ನಿಲ್ಲುತ್ತದೆ, ನಿಂತೇ ಇರುತ್ತದೆ! ಎತ್ತರದ ಮನೆಗಳ ನಡುವೆ ಉಪಗ್ರಹದ ಸಂಕೇತ ಸರಿಯಾಗಿ ಸಿಗದೆ, ತಾನೆಲ್ಲಿದ್ದೇನೆ ಎಂಬ ಲೆಕ್ಕವೂ ತಪ್ಪಬಹುದು. ಇನ್ನು ಚಾಲಕರ ಹೊಟ್ಟೆಪಾಡಿನ ಪ್ರಶ್ನೆ ಬೇರೆ ಇದೆ. ಆ ಕಾರಣಕ್ಕೇ ಕೇಂದ್ರ ಸಚಿವ ನಿತಿನ್ ಗಡ್ಕರಿ 2017ರಲ್ಲೇ ಚಾಲಕರಹಿತ ಕಾರುಗಳನ್ನು ವಿರೋಧಿಸಿದ್ದರು.

ಹಾಗಾದರೆ ಈ ತಂತ್ರಜ್ಞಾನದಿಂದ ಕಾಶಿಗೆ ಪ್ರಯೋಜನವೇ ಇಲ್ಲವೆ? ಖಂಡಿತ ಇದೆ. ವಾಹನಕ್ಕೆ ಬುದ್ಧಿ ಕೊಡುವುದಕ್ಕಿಂತ ಮೊದಲು ಪ್ರಯಾಣಿಕರಿಗೆ ಸರಿಯಾದ ಮಾಹಿತಿ ಕೊಡುವುದೂ ಬುದ್ಧಿವಂತ ಸಾರಿಗೆಯೇ.

ನಮ್ಮ ಮೈಸೂರನ್ನೇ ನೋಡಿ. 2012ರಲ್ಲಿ ಅಲ್ಲಿನ ಕೆಎಸ್‌ಆರ್‌ಟಿಸಿ ನಗರ ಬಸ್ಸುಗಳಿಗೆ ವಿಶ್ವಬ್ಯಾಂಕ್ ನೆರವಿನಿಂದ ಈ ವ್ಯವಸ್ಥೆ ಬಂತು. ಸುಮಾರು 500 ಬಸ್ಸುಗಳಲ್ಲಿ ಉಪಕರಣ ಕೂರಿಸಲಾಯಿತು. ಬಸ್ಸು ತಾನಿರುವ ಜಾಗವನ್ನು ಕೇಂದ್ರಕ್ಕೆ ತಿಳಿಸುತ್ತಿತ್ತು. ಕಂಪ್ಯೂಟರ್ ಉಳಿದ ದೂರದ ಲೆಕ್ಕ ಹಾಕುತ್ತಿತ್ತು. ಎಷ್ಟು ಹೊತ್ತಿಗೆ ಬಸ್ಸು ಬರುತ್ತದೆ ಎಂದು ತಂಗುದಾಣದ ಫಲಕ ಹೇಳುತ್ತಿತ್ತು. ಬಸ್ಸಿನ ವೇಗ ಹೆಚ್ಚುವುದಿಲ್ಲ ನಿಜ, ಆದರೆ ಕಾಯುವವರ ಆತಂಕ ಕಡಿಮೆಯಾಗುತ್ತದೆ. ಕಾಶಿಯಲ್ಲೂ ಸ್ಮಾರ್ಟ್ ಸಿಟಿ ಯೋಜನೆಯಡಿ ಸಿಗ್ರಾದಲ್ಲಿ ನಿಯಂತ್ರಣ ಕೇಂದ್ರ ಸ್ಥಾಪನೆಯಾಗಿದ್ದು, ಕ್ಯಾಮೆರಾಗಳ ಮೂಲಕ ನಗರದ ಸಂಚಾರವನ್ನು ಗಮನಿಸುತ್ತದೆ.

ಘಾಟ್‌ಗೆ ಹೋಗುವವರಿಗೆ ಇನ್ನೂ ಒಂದು ಅಂಕಿ ಮುಖ್ಯ: ಗಂಗೆಯ ಮಟ್ಟ. ವಾರಾಣಸಿಯಲ್ಲಿ ಎಚ್ಚರಿಕೆಯ ಮಟ್ಟ 70.262 ಮೀಟರ್, ಅಪಾಯದ ಮಟ್ಟ 71.262 ಮೀಟರ್. 2025ರ ಆಗಸ್ಟ್‌ನಲ್ಲಿ ನೀರು ಅಪಾಯದ ಮಟ್ಟವನ್ನೂ ದಾಟಿತ್ತು. ನೀರು ಏರಿದಾಗ ಘಾಟ್‌ನಿಂದ ಘಾಟ್‌ಗೆ ಮೆಟ್ಟಿಲ ಮೇಲೆ ಹೋಗುವ ದಾರಿ ಮುಳುಗುತ್ತದೆ, ದೋಣಿ ನಿಲ್ಲುತ್ತದೆ. ಹರಿಶ್ಚಂದ್ರ ಘಾಟ್‌ನ ಶವಸಂಸ್ಕಾರ ಗಲ್ಲಿಗೇ ಬರುತ್ತದೆ. ಜನರೆಲ್ಲ ಆ ಕಿರಿದಾದ ದಾರಿಯಲ್ಲೇ ಸೇರುತ್ತಾರೆ. ಅಸ್ಥಿ ವಿಸರ್ಜನೆಗೆಂದು ಬಂದ ಎಪ್ಪತ್ತು ದಾಟಿದವರಿಗೆ ಈ ಸುದ್ದಿ ರೈಲು ಹತ್ತುವ ಮೊದಲೇ, ಅದೂ ಅವರ ಭಾಷೆಯಲ್ಲೇ ಸಿಕ್ಕರೆ ಎಷ್ಟು ಉಪಕಾರ!

ಆದ್ದರಿಂದ ಮಳೆಗಾಲದಲ್ಲಿ ಹಿರಿಯರನ್ನು ಕರೆದುಕೊಂಡು ಹೊರಡುವ ಮುನ್ನ ಕೇಂದ್ರ ಜಲ ಆಯೋಗ ಪ್ರಕಟಿಸುವ ನೀರಿನ ಮಟ್ಟ ನೋಡಿಕೊಳ್ಳಿ. ಇಳಿದುಕೊಳ್ಳುವ ಮಠಕ್ಕೋ ಛತ್ರಕ್ಕೋ ಫೋನ್ ಮಾಡಿ, ಆಟೋ ಎಲ್ಲಿಯವರೆಗೆ ಬರುತ್ತದೆ, ಎಷ್ಟು ಮೆಟ್ಟಿಲು ಇಳಿಯಬೇಕು ಎಂದು ಕೇಳಿ. ಚಾಲಕನಿಲ್ಲದ ಕಾರು ಬರುವಾಗ ಬರಲಿ. ಗಲ್ಲಿಯಲ್ಲಿ ಕೈಹಿಡಿದು ನಡೆಸಲು ನೀವಂತೂ ಜೊತೆಗಿರಿ.