ಕರ್ತೃವಿಲ್ಲದ ವಾಕ್ಯ

ಲೈಂಗಿಕ ದೌರ್ಜನ್ಯವನ್ನು ಕುರಿತು ಕನ್ನಡದಲ್ಲಿ ರೂಢಿಯಲ್ಲಿರುವ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಅವುಗಳಲ್ಲಿ ಹೆಚ್ಚಿನವು ಕೃತ್ಯ ಎಸಗಿದ ಗಂಡಸನ್ನು ಬಿಟ್ಟು, ಅದನ್ನು ಅನುಭವಿಸಿದ ಹೆಣ್ಣಿನ ಸುತ್ತಲೇ ತಿರುಗುವುದು ಕಾಣುತ್ತದೆ. ‘ಮಾನ ಕಳೆದುಕೊಂಡಳು’, ‘ಶೀಲ ಹೋಯಿತು’, ‘ಕೆಟ್ಟಳು’ ಎನ್ನುವಾಗ ಕೃತ್ಯದ ನಿಜವಾದ ಕರ್ತೃ, ಅಂದರೆ ಅದನ್ನು ಮಾಡಿದವನು, ವಾಕ್ಯದಿಂದಲೇ ಮರೆಯಾಗಿರುತ್ತಾನೆ. ಪತ್ರಿಕೆಗಳ ‘ಅತ್ಯಾಚಾರಕ್ಕೊಳಗಾದ ಯುವತಿ’ ಎಂಬ ಪ್ರಯೋಗ ಸಭ್ಯವಾಗಿ ಕಂಡರೂ ಇದೇ ಜಾಡಿನದು. ‘ಮುಳ್ಳಿನ ಮೇಲೆ ಸೆರಗು ಬಿದ್ದರೂ ಸೆರಗಿನ ಮೇಲೆ ಮುಳ್ಳು ಬಿದ್ದರೂ ಹರಿಯುವುದು ಸೆರಗೇ’ ಎಂಬ, ಎಲ್ಲರಿಗೂ ಗೊತ್ತಿರುವ ಗಾದೆಯು ಗಂಡಸನ್ನು ಮುಳ್ಳಿಗೆ ಹೋಲಿಸುತ್ತದೆ; ಚುಚ್ಚುವುದು ಮುಳ್ಳಿನ ಹುಟ್ಟುಗುಣವಾದ್ದರಿಂದ ಅದನ್ನು ಯಾರೂ ಪ್ರಶ್ನಿಸುವುದಿಲ್ಲ, ಎಚ್ಚರದ ಹೊಣೆಯೆಲ್ಲ ಸೆರಗಿನ ಮೇಲೆ ಬೀಳುತ್ತದೆ. ಶಾಲೆಗೆ ಹೋಗುವ ಹುಡುಗಿಯನ್ನು ದಾರಿಯಲ್ಲಿ ಅಡ್ಡಗಟ್ಟಿ ಪೀಡಿಸುವುದನ್ನು ‘ಚುಡಾಯಿಸುವುದು’ ಎಂದು ಕರೆದು, ‘ವಯಸ್ಸಿನ ಹುಡುಗರು’ ಎಂದು ಸುಮ್ಮನಾಗುವುದೂ ಇದೇ ನಂಬಿಕೆಯ ಫಲ.

ಈ ನಂಬಿಕೆ ಓದುಬರಹ ಇಲ್ಲದವರದು ಮಾತ್ರ ಎಂದು ಭಾವಿಸುವಂತಿಲ್ಲ. 2021ರ ಡಿಸೆಂಬರ್ 16ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆದ ವಿಧಾನಸಭೆಯ ಅಧಿವೇಶನದಲ್ಲಿ, ಮಾತಾಡಲು ಸಮಯ ಕೇಳುತ್ತಿದ್ದ ಸದಸ್ಯರನ್ನು ಸಂಭಾಳಿಸಲಾಗದೆ ಸಭಾಧ್ಯಕ್ಷರು ತಮ್ಮ ಇಕ್ಕಟ್ಟನ್ನು ಹೇಳಿಕೊಂಡಾಗ, ಸ್ವತಃ ಹಿಂದೆ ಸಭಾಧ್ಯಕ್ಷರಾಗಿದ್ದ ಶಾಸಕ ಕೆ.ಆರ್. ರಮೇಶ್ ಕುಮಾರ್ ಅವರು, ಅತ್ಯಾಚಾರ ತಪ್ಪಿಸಿಕೊಳ್ಳಲಾಗದ್ದಾದರೆ ಮಲಗಿ ಸುಖಿಸಬೇಕು ಎಂಬರ್ಥದ ಮಾತನ್ನು ಆಡಿದರು. ಮರುದಿನ ಅವರು ಸದನದಲ್ಲಿ ಕ್ಷಮೆ ಕೇಳಿದರು. ಆದರೆ ಆ ಮಾತಿಗಿಂತ ಹೆಚ್ಚು ಯೋಚಿಸಬೇಕಾದದ್ದು ಅದನ್ನು ಕೇಳಿ ಸಭಾಧ್ಯಕ್ಷ ಪೀಠದಿಂದಲೂ ಸದಸ್ಯರ ಸಾಲುಗಳಿಂದಲೂ ಬಂದ ನಗು. ಏಕೆಂದರೆ ಇಂಥ ಮಾತು ಒಬ್ಬನ ಬಾಯಿಂದ ಹೊರಟರೂ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತುವುದು ಜೊತೆಯಲ್ಲಿರುವ ಗಂಡಸರ ನಗುವೇ.

ಆ ಮಾತಿನ ತಿರುಳು, ಪ್ರತಿಭಟಿಸದವಳು ಒಪ್ಪಿದಳು ಎಂಬುದು. 2013ರ ಅಪರಾಧ ಕಾನೂನು ತಿದ್ದುಪಡಿಯ ಅನಂತರ ಕಾನೂನು ಇದನ್ನು ನೇರವಾಗಿ ತಳ್ಳಿಹಾಕಿದೆ: ಸಮ್ಮತಿ ಎಂದರೆ ನುಡಿಯಿಂದಲೋ ಸನ್ನೆಯಿಂದಲೋ ಸ್ಪಷ್ಟವಾಗಿ, ಸ್ವಇಚ್ಛೆಯಿಂದ ತೋರಿದ ಒಪ್ಪಿಗೆ, ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಹೆಣ್ಣು ಸಮ್ಮತಿಸಿದಳೆಂದು ತಿಳಿಯುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮೂ ಇದನ್ನೇ ಹೇಳುತ್ತದೆ. ದೂರು ಕೊಟ್ಟವಳ ನಡತೆ ಕೆಟ್ಟದ್ದೆಂದು ತೋರಿಸಿ ಅವಳ ಸಾಕ್ಷ್ಯವನ್ನು ದುರ್ಬಲಗೊಳಿಸಲು 1872ರ ಸಾಕ್ಷ್ಯ ಅಧಿನಿಯಮ ಕೊಟ್ಟಿದ್ದ ಅವಕಾಶ ರದ್ದಾಗಲು ಸುಮಾರು 130 ವರ್ಷ ಬೇಕಾದವು. ಹಾಗೆ ರದ್ದಾದ ಮೇಲೂ, 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಒಂದು ಜಾಮೀನು ಆದೇಶವು, ಕೃತ್ಯದ ಅನಂತರ ದಣಿದು ನಿದ್ದೆಹೋದೆ ಎಂದ ದೂರುದಾರಳ ಹೇಳಿಕೆ ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ ಎಂದಿತು. ವ್ಯಾಪಕ ಆಕ್ಷೇಪದ ಬಳಿಕ ಕೆಲವೇ ದಿನಗಳಲ್ಲಿ ಆ ಸಾಲನ್ನು ತೆಗೆದುಹಾಕಲಾಯಿತು. ಕಾನೂನಿನ ಪುಟದಿಂದ ಹೋದದ್ದು ಮಾತಿನ ರೂಢಿಯಿಂದ ಅಷ್ಟು ಬೇಗ ಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

‘ಅವನು ಅತ್ಯಾಚಾರ ಮಾಡಿದನು’ ಎಂಬ ಕರ್ತರಿ ವಾಕ್ಯ ಕನ್ನಡದಲ್ಲಿ ಇದೆ. ಅಪರಾಧ ಸಾಬೀತಾದ ಮೇಲಾದರೂ ವರದಿಗಾರರು ಅದನ್ನೇ ಬರೆಯಲಿ, ಮನೆಗಳಲ್ಲಿ ಹಿರಿಯರು ಅದನ್ನೇ ಗಂಡುಮಕ್ಕಳ ಎದುರು ಆಡಲಿ.