ಬಾಡಿಗೆ ಕರಾರಿನ ಅವಧಿಪೂರ್ವ ಮುಕ್ತಾಯ (ಬೆಂಗಳೂರು)

ಬಾಡಿಗೆ ಕರಾರಿನ ಅವಧಿಪೂರ್ವ ಮುಕ್ತಾಯ ಎಂದರೆ ಕರಾರುಪತ್ರದಲ್ಲಿ ನಮೂದಿಸಿದ ಅವಧಿ ಮುಗಿಯುವ ಮೊದಲೇ ಬಾಡಿಗೆದಾರರು ಮನೆಯನ್ನು ತೆರವು ಮಾಡುವುದು. ಉದ್ಯೋಗದ ವರ್ಗಾವಣೆ, ಅನಾರೋಗ್ಯ, ಆದಾಯದ ಕುಸಿತ, ಮನೆಯ ದುಃಸ್ಥಿತಿ ಮೊದಲಾದವು ಇದಕ್ಕೆ ಸಾಮಾನ್ಯ ಕಾರಣಗಳು. ಬೆಂಗಳೂರಿನಲ್ಲಿ ಹೀಗೆ ಮನೆ ಬಿಟ್ಟವರು ಮತ್ತೊಂದು ಮನೆ ಹಿಡಿಯುವಾಗ ಎದುರಾಗುವ ದೊಡ್ಡ ಅಡಚಣೆ ಹಳೆಯ ಮಾಲೀಕರ ಬಳಿ ಉಳಿದ ಮುಂಗಡ ಠೇವಣಿ.

ಕರಾರಿನ ಸ್ವರೂಪ

ನಗರದ ಹೆಚ್ಚಿನ ಮನೆ ಬಾಡಿಗೆ ಕರಾರುಗಳು 11 ತಿಂಗಳ ಅವಧಿಯವು. ಒಂದು ವರ್ಷವನ್ನು ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯಿದೆಯ ಪ್ರಕಾರ ನೋಂದಣಿ ಕಡ್ಡಾಯವಾಗಿರುವುದೇ ಇದಕ್ಕೆ ಕಾರಣ. ಕರಾರಿನಲ್ಲಿ ಮನೆ ಬಿಡಲು ಕೊಡಬೇಕಾದ ಮುನ್ಸೂಚನೆಯ ಅವಧಿಯನ್ನು ಬರೆದಿರುತ್ತಾರೆ. ಕೆಲವು ಕರಾರುಗಳಲ್ಲಿ ‘ಲಾಕ್-ಇನ್’ ಷರತ್ತೂ ಇದ್ದು, ಆ ಅವಧಿಯೊಳಗೆ ಮನೆ ಬಿಟ್ಟರೆ ನಿಗದಿತ ಮೊತ್ತವನ್ನು ತೆರಬೇಕೆಂದು ಹೇಳಲಾಗಿರುತ್ತದೆ.

ಆಡುಮಾತಿನಲ್ಲಿ ‘ಲೀಸ್’ ಎಂದರೆ ಬಹುಮಟ್ಟಿಗೆ ಭೋಗ್ಯ. ಇದರಲ್ಲಿ ತಿಂಗಳ ಬಾಡಿಗೆಯಿಲ್ಲ. ಒಮ್ಮೆಗೇ ಕೊಟ್ಟ ದೊಡ್ಡ ಮೊತ್ತವನ್ನು ಅವಧಿ ಮುಗಿದಾಗ ಮಾಲೀಕರು ಹಿಂದಿರುಗಿಸುತ್ತಾರೆ. ಭೋಗ್ಯದಾರರು ನಡುವೆ ಮನೆ ಬಿಟ್ಟಾಗ, ಹೊಸ ಭೋಗ್ಯದಾರರು ಹಣ ಕೊಡುವವರೆಗೆ ಮರುಪಾವತಿ ವಿಳಂಬವಾಗುವ ಸಾಧ್ಯತೆ ಹೆಚ್ಚು.

ಕಾನೂನು

1999ರ ಕರ್ನಾಟಕ ಬಾಡಿಗೆ ಕಾಯಿದೆಯು 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಸ್ಥಾನದಲ್ಲಿ ಬಂದಿತು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಆದ್ದರಿಂದ ಇಂದಿನ ಬಹುತೇಕ ಬಾಡಿಗೆ ಮನೆಗಳಿಗೆ ಕರಾರಿನ ಷರತ್ತುಗಳ ಜೊತೆಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆ ಮತ್ತು 1872ರ ಭಾರತೀಯ ಕರಾರು ಕಾಯಿದೆ ಅನ್ವಯಿಸುತ್ತವೆ. ಬೇರೆ ಷರತ್ತು ಇಲ್ಲದಿದ್ದಲ್ಲಿ, ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯನ್ನು 15 ದಿನಗಳ ನೋಟಿಸ್ ನೀಡಿ ಕೊನೆಗೊಳಿಸಬಹುದು.

ಕರಾರಿನಲ್ಲಿ ದಂಡದ ಮೊತ್ತವನ್ನು ಬರೆದಿದ್ದರೂ ಅದು ಪೂರ್ತಿಯಾಗಿ ಮಾಲೀಕರಿಗೆ ತಾನಾಗಿಯೇ ಸಲ್ಲುವುದಿಲ್ಲ. ಕರಾರು ಕಾಯಿದೆಯ 74ನೇ ಕಲಮಿನಂತೆ, ಆ ಮೊತ್ತವನ್ನು ಮೀರದ ಸಮಂಜಸ ಪರಿಹಾರ ಮಾತ್ರ ದೊರೆಯುತ್ತದೆ. ಸ್ಥಿರಾಸ್ತಿ ಮಾರಾಟಕ್ಕೆ ಸಂಬಂಧಿಸಿದ ಫತೇ ಚಂದ್ ವಿರುದ್ಧ ಬಾಲಕಿಶನ್ ದಾಸ್ ಪ್ರಕರಣದಲ್ಲಿ (1963) ಸರ್ವೋಚ್ಚ ನ್ಯಾಯಾಲಯವು ಈ ತತ್ವವನ್ನು ವಿವರಿಸಿತು. ನಷ್ಟವನ್ನು ಅಳೆಯುವಾಗ, ಅದನ್ನು ತಗ್ಗಿಸಲು ಇದ್ದ ಮಾರ್ಗಗಳನ್ನೂ ಪರಿಗಣಿಸಬೇಕೆಂದು 73ನೇ ಕಲಮು ಹೇಳುತ್ತದೆ. ಖಾಲಿಯಾದ ಮನೆಗೆ ಬೇಗನೆ ಹೊಸಬರು ಬಂದರೆ ಮಾಲೀಕರ ನಷ್ಟವೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಮುಂಗಡ ಠೇವಣಿ

‘ಅಡ್ವಾನ್ಸ್’ ಎಂದು ಕರೆಯಲಾಗುವ ಈ ಠೇವಣಿಯು ಬೆಂಗಳೂರಿನಲ್ಲಿ ಬಹುಕಾಲ 10 ತಿಂಗಳ ಬಾಡಿಗೆಯಷ್ಟಿರುವುದು ರೂಢಿಯಾಗಿತ್ತು. ಈಚೆಗೆ ಅನೇಕ ಕಡೆ ಇದು ಇಳಿದಿದೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗಳಿಗೆ ಎರಡು ತಿಂಗಳ ಬಾಡಿಗೆಯ ಮಿತಿಯನ್ನು ಸೂಚಿಸುತ್ತದೆ. ಆದರೆ ರಾಜ್ಯಗಳು ಅದನ್ನು ಕಾನೂನಾಗಿ ಅಂಗೀಕರಿಸಿದಲ್ಲಿ ಮಾತ್ರ ಅದಕ್ಕೆ ಬಲ ಬರುತ್ತದೆ.

ತಿಂಗಳಿಗೆ 25,000 ರೂಪಾಯಿ ಬಾಡಿಗೆಯ ಮನೆಗೆ 10 ತಿಂಗಳ ಠೇವಣಿಯೆಂದರೆ 2,50,000 ರೂಪಾಯಿ. ಹಳೆಯ ಮನೆಯ ಹಣ ಕೈಸೇರುವ ಮೊದಲೇ ಹೊಸ ಮನೆಗೂ ಅಷ್ಟೇ ಹಣ ಹೊಂದಿಸಬೇಕಾದರೆ ಸಾಲ ಅನಿವಾರ್ಯವಾಗಬಹುದು. ಬಣ್ಣ ಬಳಿಸುವ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವ ವಾಡಿಕೆಯೂ ಇದೆ. ಅವಧಿಗೆ ಮೊದಲು ಬಿಟ್ಟ ಮನೆಯ ಲೆಕ್ಕದಲ್ಲಿ ಲಾಕ್-ಇನ್ ದಂಡವೂ ಸೇರುವುದರಿಂದ ವಿವಾದ ಬೆಳೆಯುತ್ತದೆ.

ಮತ್ತೆ ಮನೆ ಹಿಡಿಯುವುದು

ಅಮೆರಿಕದಲ್ಲಿ ಬಾಡಿಗೆದಾರರ ಹಳೆಯ ಬಾಕಿ ಹಾಗೂ ತೆರವು ಮೊಕದ್ದಮೆಗಳ ವರದಿಯನ್ನು ಖಾಸಗಿ ಸಂಸ್ಥೆಗಳು ಮಾಲೀಕರಿಗೆ ಒದಗಿಸುತ್ತವೆ. ಬೆಂಗಳೂರಿನ ಮನೆ ಬಾಡಿಗೆಯಲ್ಲಿ ಅಂಥ ಪದ್ಧತಿ ರೂಢಿಯಲ್ಲಿಲ್ಲ. ವಿಚಾರಣೆ ಹೆಚ್ಚಾಗಿ ಬಾಯಿಮಾತಿನದು. ಕುಮಾರ ಪಾರ್ಕ್, ಶೇಷಾದ್ರಿಪುರಂ, ಮಲ್ಲೇಶ್ವರಂಗಳಂಥ ಹಳೆಯ ಬಡಾವಣೆಗಳಲ್ಲಿ ಮಾಲೀಕರೂ ಅದೇ ಕಟ್ಟಡದಲ್ಲಿ ವಾಸಿಸುವ ಮನೆಗಳಿವೆ. ಅಲ್ಲಿ ಹಿಂದಿನ ಮನೆ ಬಿಟ್ಟ ಕಾರಣವನ್ನು ನೇರವಾಗಿ ಕೇಳುವುದು ಸಹಜ.

ಹೀಗಾಗಿ ಹಳೆಯ ಮನೆ ಬಿಡುವಾಗಿನ ಕಾಗದಪತ್ರಗಳಿಗೆ ಮಹತ್ವವಿದೆ. ಲಿಖಿತ ಮುನ್ಸೂಚನೆ, ಬಾಡಿಗೆ ಪಾವತಿಯ ದಾಖಲೆ, ವಿದ್ಯುತ್ ಮತ್ತು ನೀರಿನ ಬಿಲ್ಲುಗಳು, ಬೀಗದ ಕೈ ಒಪ್ಪಿಸಿದ ದಿನದ ಸಹಿಪತ್ರ, ಮನೆಯ ಸ್ಥಿತಿಯ ಛಾಯಾಚಿತ್ರಗಳು ಠೇವಣಿ ವಸೂಲಿಗೂ ಹೊಸ ಮಾಲೀಕರ ವಿಶ್ವಾಸಕ್ಕೂ ಆಧಾರವಾಗುತ್ತವೆ. ಠೇವಣಿ ಹಿಂದಿರುಗದಿದ್ದಲ್ಲಿ ವಕೀಲರ ಮೂಲಕ ನೋಟಿಸ್ ನೀಡುವುದು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ರಾಜಿಗೆ ಯತ್ನಿಸುವುದು ಅಥವಾ ಕಾಲಮಿತಿಯೊಳಗೆ ಸಿವಿಲ್ ದಾವೆ ಹೂಡುವುದು ಲಭ್ಯವಿರುವ ಮಾರ್ಗಗಳು.